ಮೊದಲೇ ಮುಗಿದ ಕ್ರಿಸ್‌ಮಸ್

"ಕಿಟಕಿ ಯಾಕೆ ಮುಚ್ಚಿದೆ?" ಎಂದು ಅಪ್ಪ ಕೇಳಿದ.

"ಸೊಳ್ಳೆ" ಎಂದಳು ಮಗಳು, ಚಿಲಕ ಹಾಕುತ್ತಾ.

"ಈ ಚಳಿಗೆ ಸೊಳ್ಳೆ?"

ಅವಳು ಪರದೆಯನ್ನೂ ಎಳೆದಳು. ಎರಡು ಬೀದಿಯಾಚೆ ಡ್ರಮ್ಮಿನ ಸದ್ದು, ಅದರ ಜೊತೆಗೆ ಗಿಟಾರು, ಚಪ್ಪಾಳೆ. ಚರ್ಚಿನ ಹಾಡಿನ ತಂಡ ಮನೆಮನೆಗೆ ಹೊರಟಿತ್ತು. ಚಿಕ್ಕಂದಿನಲ್ಲಿ ಆ ಸದ್ದು ಕಿವಿಗೆ ಬಿದ್ದರೆ ಸಾಕು, ಅವಳು ಕೈಯಲ್ಲಿದ್ದುದನ್ನು ಎಸೆದು ಬಾಗಿಲಿಗೆ ಓಡುತ್ತಿದ್ದಳು. ಇವತ್ತೂ ಎದೆ ಒಂದು ಸಲ ಹಿಗ್ಗಿತು. ಮರುಕ್ಷಣವೇ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಮ್ಮೆ ಒತ್ತಿ ನೋಡಿದಳು. ಈ ವರ್ಷದ ಕ್ರಿಸ್‌ಮಸ್ ಹೇಗಾದರೂ ದಾರಿ ತಪ್ಪಿ ಬೇರೆ ಊರಿಗೆ ಹೋಗಬಾರದೇ ಎಂದು ಅವಳು ಒಂದು ವಾರದಿಂದ ಬೇಡಿಕೊಳ್ಳುತ್ತಿದ್ದಳು.

"ಅದೇನು ಸದ್ದು?"

"ಯಾರದೋ ಮದುವೆ ಇರಬೇಕು."

"ಮೊನ್ನೆಯೂ ಮದುವೆ ಅಂದೆ."

"ಜನ ಮದುವೆ ಆಗ್ತಾನೇ ಇರ್ತಾರಪ್ಪ. ನೀನು ಹಾಲು ಕುಡಿ, ಆರಿಹೋಗುತ್ತೆ."

ಅಪ್ಪ ಲೋಟ ಎತ್ತಿಕೊಂಡ, ಆದರೆ ಕಣ್ಣು ಅವಳ ಮೇಲೆಯೇ ಇತ್ತು. ಬದುಕಿಡೀ ಬಸ್ಸು ಓಡಿಸಿದವನು ಅವನು. ಹಿಂದಿನ ಸೀಟಿನಲ್ಲಿ ಟಿಕೆಟ್ಟಿಲ್ಲದೆ ತೆಪ್ಪಗೆ ಕೂತವನನ್ನು ಕನ್ನಡಿಯಲ್ಲೇ ಹಿಡಿದು ಕಂಡಕ್ಟರನಿಗೆ ತೋರಿಸುತ್ತಿದ್ದ ಆಸಾಮಿ. ಅಂಥವನ ಕಣ್ಣಿಗೆ ಮಣ್ಣೆರಚುವುದು ಹುಡುಗಾಟವಲ್ಲ. ಆದರೂ ಒಂದು ತಿಂಗಳಿಂದ ಮಗಳು ಅದನ್ನೇ ಮಾಡಿಕೊಂಡು ಬಂದಿದ್ದಳು.

ಅಪ್ಪನ ಲೆಕ್ಕದಲ್ಲಿ ಕ್ರಿಸ್‌ಮಸ್ ಮುಗಿದು ತಿಂಗಳಾಗಿತ್ತು. ಊರಿನ ಲೆಕ್ಕದಲ್ಲಿ ಹಬ್ಬಕ್ಕೆ ಇನ್ನೂ ಎರಡು ದಿನ ಬಾಕಿ.

ಆದದ್ದು ಹೀಗೆ. ನವೆಂಬರಿನಲ್ಲಿ ಆಸ್ಪತ್ರೆಯವರು ಅಪ್ಪನನ್ನು ಮನೆಗೆ ಕಳಿಸಿಬಿಟ್ಟಿದ್ದರು. "ಇನ್ನು ನಮ್ಮ ಕೈಲಿ ಏನೂ ಇಲ್ಲ. ನೋಡಬೇಕಾದವರಿದ್ದರೆ ಕರೆಸಿಬಿಡಿ" ಎಂದಿದ್ದರು ಡಾಕ್ಟರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನೋಡಬೇಕಾದವನು ಒಬ್ಬನೇ ಇದ್ದ, ಅವಳ ತಮ್ಮ. ಅವನಿಗೆ ಆ ಮನೆಯ ಹೊಸಿಲು ಐದು ವರ್ಷದಿಂದ ಬಂದ್ ಆಗಿತ್ತು.

ಅಮ್ಮ ತೀರಿಕೊಂಡಾಗ ಲಾರಿ ಓಡಿಸುವ ತಮ್ಮ ಎಲ್ಲೋ ಗಡಿಯ ಕಡೆ ಬಾಡಿಗೆಗೆ ಹೋಗಿದ್ದ. ಗುಡ್ಡ ಕುಸಿದು ರಸ್ತೆ ಕಟ್ಟಿಹೋಗಿತ್ತು, ಫೋನು ಸತ್ತಿತ್ತು. ಅವನು ಬಂದು ಮುಟ್ಟುವ ಹೊತ್ತಿಗೆ ಸಮಾಧಿಯ ಮೇಲಿನ ಹೂವು ಬಾಡಿತ್ತು. "ಹೆತ್ತವಳ ಮುಖ ನೋಡೋಕೆ ಬಾರದವನು ನನ್ನ ಮುಖವನ್ನೂ ನೋಡಬೇಡ" ಎಂದು ಅಪ್ಪ ಬಾಗಿಲಲ್ಲೇ ಹೇಳಿದ. ತಮ್ಮನೇನು ಕಡಿಮೆಯೇ? ಅದೇ ಅಪ್ಪನ ಮಗ. ಚೀಲವನ್ನು ಕೆಳಗೂ ಇಡದೆ ತಿರುಗಿ ನಡೆದಿದ್ದ.

ಆದರೆ ಆ ಮನೆಯಲ್ಲಿ ಅಮ್ಮ ಮಾಡಿಟ್ಟ ಒಂದು ಕಟ್ಟುಪಾಡಿತ್ತು. ಕ್ರಿಸ್‌ಮಸ್ ದಿನ ಬಾಗಿಲಿಗೆ ಯಾರೇ ಬರಲಿ, ಒಳಗೆ ಕರೆದು ಕೂರಿಸಿ ಊಟ ಹಾಕಬೇಕು. ಜಗಳ, ಸಿಟ್ಟು ಏನಿದ್ದರೂ ಮಾರನೆಯ ದಿನಕ್ಕೆ. ಅಮ್ಮ ಹೋದ ಮೇಲೂ ಅಪ್ಪ ಅದನ್ನು ಮುರಿದವನಲ್ಲ. ಅದನ್ನು ನೆಚ್ಚಿಕೊಂಡು ಮಗಳು ಪ್ರತಿ ಡಿಸೆಂಬರಿನಲ್ಲೂ ತಮ್ಮನಿಗೆ ಗುಟ್ಟಾಗಿ ಫೋನು ಮಾಡಿ ಗೋಗರೆಯುತ್ತಿದ್ದಳು. ಅವನು ಏನಾದರೊಂದು ಬಾಡಿಗೆಯ ನೆಪ ಹೇಳಿ ಜಾರಿಕೊಳ್ಳುತ್ತಿದ್ದ.

ಹೀಗಿರುವಾಗ ಆ ನವೆಂಬರಿನ ಒಂದು ಸಂಜೆ, ಅರೆಪ್ರಜ್ಞೆಯಲ್ಲಿದ್ದ ಅಪ್ಪ ಕಣ್ಣು ಬಿಟ್ಟು, "ಹಬ್ಬ ಬಂತಾ?" ಎಂದು ಕೇಳಿದ. "ನಾಳೆ" ಎಂದುಬಿಟ್ಟಳು ಮಗಳು. ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಸಾಕಬೇಕಾಯಿತು. ಅಟ್ಟದಿಂದ ನಕ್ಷತ್ರ ಇಳಿಸಿ ದೀಪ ಹಾಕಿದಳು. ಪಕ್ಕದ ಮನೆಯ ಟೀಚರಮ್ಮ ಕಣ್ಣು ಒರೆಸಿಕೊಂಡು ಮಂಚದ ಬಳಿ ಎರಡು ಹಾಡು ಹಾಡಿದರು. ತಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದಾಗ ಅವನು "ಬರ್ತೀನಿ" ಎಂದ. ಬಂದ. ಅಪ್ಪ ಅವನನ್ನು ಗುರುತು ಹಿಡಿದು ಕೈ ನೀಡಿದ. ಅವನು ತಿನ್ನಿಸಿದ ಕೇಕಿನ ಚೂರನ್ನು ತಿಂದ. ಮಗಳು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಇನ್ನು ಅಪ್ಪ ನೆಮ್ಮದಿಯಾಗಿ ಹೋಗಬಹುದು ಎಂದುಕೊಂಡಳು.

ಅಪ್ಪ ಹೋಗಲಿಲ್ಲ. ಮೂರನೆಯ ದಿನ ಜ್ವರ ಇಳಿಯಿತು. ವಾರ ಕಳೆಯುವುದರಲ್ಲಿ, "ಸೂಪಿಗೆ ಉಪ್ಪು ಹಾಕೋಕೆ ಏನು ರೋಗ ನಿನಗೆ?" ಎಂದು ಗದರಿದ. ನೋಡಲು ಬಂದ ಡಾಕ್ಟರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ತಮ್ಮ ಭಾನುವಾರ ಭಾನುವಾರ ಬರತೊಡಗಿದ. ಅಪ್ಪ, ಮಗ ಗೇರುಬಾಕ್ಸಿನ ವಿಷಯ, ಯಾವ ಘಟ್ಟದಲ್ಲಿ ಎಷ್ಟು ತಿರುವು ಎಂಬ ವಿಷಯ ಮಾತಾಡತೊಡಗಿದರು. ಅವಳಿಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಆದರೆ ಕೊಟ್ಟ ದೇವರು ಅಸಲಿ ಹಬ್ಬವನ್ನೂ ಹಿಂದೆಯೇ ಕಳಿಸಿದ್ದ. ಅವಳು ರೇಡಿಯೋವನ್ನು ರಿಪೇರಿಗೆಂದು ಕೊಟ್ಟಳು, ಕ್ಯಾಲೆಂಡರ್ ತೆಗೆದಳು, ಪೇಪರಿನವನನ್ನು ನಿಲ್ಲಿಸಿದಳು. "ಈ ವರ್ಷ ಚಳಿ ಬಿಟ್ಟು ಹೋಗೋ ಹಾಗೇ ಕಾಣಲ್ಲ" ಎಂದು ಅಪ್ಪ ಕಂಬಳಿ ಎಳೆದುಕೊಂಡಾಗ ಇನ್ನೊಂದು ಕಂಬಳಿ ತಂದು ಹೊದಿಸಿದಳು.

"ಹೇಳಿಬಿಡಕ್ಕ" ಎಂದು ಕಳೆದ ಭಾನುವಾರ ತಮ್ಮ ಬೀದಿಯಲ್ಲಿ ನಿಂತು ಹೇಳಿದ್ದ. "ಇದನ್ನ ಎಷ್ಟು ದಿನ ಎಳೀತೀಯ?"

"ಹೇಳಿದ್ರೆ? ನಿನ್ನನ್ನ ಒಳಗೆ ಬಿಟ್ಟಿದ್ದೇ ಹಬ್ಬ ಅಂತ. ಹಬ್ಬ ಅಲ್ಲ ಅಂತ ಗೊತ್ತಾದ್ರೆ ಮತ್ತೆ ಬಾಗಿಲು ಹಾಕ್ತಾನೆ. ನನ್ನ ಕೈಲಿ ಇನ್ನೊಂದು ಸಲ ಆಗಲ್ಲ ಕಣೋ."

ಇವತ್ತೂ ಭಾನುವಾರ. ತಮ್ಮ ಬರುವ ಹೊತ್ತು. ಹಾಡಿನ ತಂಡ ಈ ಮನೆಯ ಮುಂದೆ ನಿಲ್ಲದ ಹಾಗೆ ಅವಳು ಟೀಚರಮ್ಮನಿಗೆ ಹೇಳಿಟ್ಟಿದ್ದಳು. ತಂಡವನ್ನು ನಡೆಸುವವರು ಅವರೇ. ಆ ಧೈರ್ಯದ ಮೇಲೆ ಅಡುಗೆಮನೆಗೆ ಹೋಗಿ ಬ್ರೆಡ್ಡು ಬಿಸಿಗಿಟ್ಟಳು. ಟೀಚರಮ್ಮನಿಗೆ ಮಧ್ಯಾಹ್ನವೇ ಗಂಟಲು ಕಟ್ಟಿ, ತಂಡದ ಮುಂದಾಳತ್ವ ಮೂಲೆ ಅಂಗಡಿಯ ಸಾಹುಕಾರರ ಪಾಲಾಗಿತ್ತೆಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಡ್ರಮ್ಮಿನ ಸದ್ದು ಬಾಗಿಲ ಹತ್ತಿರವೇ ಕೇಳಿಸಿದಾಗ ಅವಳ ಕೈಯಿಂದ ಚಮಚ ಬಿತ್ತು. ಓಡಿ ಬಂದಳು. ಅಪ್ಪ ಆಗಲೇ ಊರುಗೋಲು ಹಿಡಿದು ಹೋಗಿ ಬಾಗಿಲು ತೆಗೆದಿದ್ದ. ಕೆಂಪು ನಿಲುವಂಗಿಯಲ್ಲಿ ಬಿಗಿದುಕೊಂಡು, ಹತ್ತಿಯ ಗಡ್ಡವನ್ನು ಕಿವಿಗೆ ಸಿಕ್ಕಿಸಿಕೊಂಡು ಸಾಹುಕಾರರು ನಿಂತಿದ್ದರು. ಹಿಂದೆ ಹತ್ತಾರು ಜನ ಕಂಠ ಬಿಟ್ಟು ಹಾಡುತ್ತಿದ್ದರು. ಅಪ್ಪ ಕದಲದೆ ಪೂರಾ ಹಾಡು ಕೇಳಿದ.

"ಡ್ರೈವರಣ್ಣಾ!" ಎಂದರು ಸಾಹುಕಾರರು, ಗಡ್ಡ ಕೆಳಗೆ ಎಳೆದು. "ನೀವು ಮತ್ತೆ ಎದ್ದು ನಿಲ್ಲೋದನ್ನ ನೋಡ್ತೀವಿ ಅಂದ್ಕೊಂಡಿರಲಿಲ್ಲ. ದೇವರು ದೊಡ್ಡವನು. ಹಬ್ಬಕ್ಕೆ ಇನ್ನೆರಡೇ ದಿನ, ಚರ್ಚಿಗೆ ಬಂದೇ ಬರಬೇಕು!"

ಅಪ್ಪ ತಲೆಯಾಡಿಸಿದ. ಎಲ್ಲರಿಗೂ ಕೈ ಮುಗಿದ. ಅವರು ಮುಂದಿನ ಮನೆಗೆ ಹೋದ ಮೇಲೆ ಬಾಗಿಲು ಹಾಗೇ ಬಿಟ್ಟು, ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತ. ಮಗಳು ಗೋಡೆಗೆ ಆತು ನಿಂತಳು. ಬೈದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ಇದು ಡಿಸೆಂಬರಾ?" ಎಂದು ಕೊನೆಗೆ ಕೇಳಿದ.

"ಹ್ಞೂಂ."

"ಅವತ್ತು?"

"ನವೆಂಬರ್" ಎಂದಳು. "ಡಾಕ್ಟರು ಆಸೆ ಬಿಟ್ಟಿದ್ರು ಅಪ್ಪ. ನೀನು ಹಬ್ಬ ಬಂತಾ ಅಂತ ಕೇಳಿದೆ. ನನ್ನ ಬಾಯಿಂದ ಹಾಗೆ ಬಂದುಬಿಡ್ತು."

"ನಾನು ಹಬ್ಬದವರೆಗೆ ಬಾಳಲ್ಲ ಅಂತ ಹಬ್ಬವನ್ನೇ ಎಳಕೊಂಡು ಬಂದೆ." ಅಪ್ಪನ ಬಾಯಿಯ ಒಂದು ಮೂಲೆಯಲ್ಲಿ ನಗುವಿನಂಥದ್ದೇನೋ ಕಾಣಿಸಿ ಅಲ್ಲೇ ಇಂಗಿಹೋಯಿತು. "ಅದಿರಲಿ. ಅವನನ್ನ ಯಾಕೆ ಕರೆಸಿದೆ?"

"ಬೇರೆ ಯಾವ ದಿನ ಅವನನ್ನ ಒಳಗೆ ಬಿಡ್ತಿದ್ದೆ ನೀನು?"

"ಅಂದ್ರೆ ನಿಮ್ಮಮ್ಮ ಹಾಕಿಕೊಟ್ಟ ಕಟ್ಟುಪಾಡನ್ನ ಇಟ್ಕೊಂಡು ನನಗೇ ಟೋಪಿ ಹಾಕಿದೆ."

"ಹೌದು. ಹಾಕಿದೆ." ಅವಳು ಬಿಡಲಿಲ್ಲ. "ನೀವಿಬ್ಬರೂ ಮಾತಾಡದೇ ನೀನು ಹೋಗಿಬಿಟ್ಟಿದ್ರೆ ಆಮೇಲೆ ಅವನ ಮುಖ ನೋಡಬೇಕಾಗಿದ್ದು ನಾನು. ನನಗೆ ಭಯ ಆಗಿತ್ತು."

ಅಪ್ಪನ ಹೆಬ್ಬೆರಳು ಊರುಗೋಲಿನ ಹಿಡಿಯನ್ನು ಒಂದೇ ಸಮನೆ ಉಜ್ಜುತ್ತಿತ್ತು. ಅವಳು ಮೆಲ್ಲಗೆ ಫೋನು ಎತ್ತಿಕೊಂಡಳು. ಇವತ್ತೊಂದು ದಿನ ಬರಬೇಡ ಎಂದು ತಮ್ಮನಿಗೆ ಹೇಳಿದರೆ, ನಾಳೆಗೆ ಏನಾದರೂ ದಾರಿ ಹೊಳೆದೀತು.

"ಫೋನ್ ಕೆಳಗಿಡು" ಎಂದ ಅಪ್ಪ. "ಬರಲಿ."

ಆ 'ಬರಲಿ' ಯಾವ ಬಗೆಯದು ಎಂದು ಅವಳಿಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಬ್ರೆಡ್ಡು ಸೀದ ವಾಸನೆ ಬಂದರೂ ಕಾಲು ಏಳಲಿಲ್ಲ. ಬೀದಿಯ ತುದಿಯಲ್ಲಿ ಲಾರಿ ನಿಂತ ಸದ್ದಾಯಿತು, ಅದರ ಬಾಗಿಲು ಬಡಿದ ಸದ್ದಾಯಿತು, ಆಮೇಲೆ ಹೆಜ್ಜೆ. ಪ್ರತಿ ಭಾನುವಾರ ನುಗ್ಗಿಕೊಂಡು ಬರುವ ತಮ್ಮ ಇವತ್ತು ತೆರೆದ ಬಾಗಿಲನ್ನೂ ಅಕ್ಕನ ಮುಖವನ್ನೂ ನೋಡಿ ಹೊಸಿಲ ಆಚೆಯೇ ನಿಂತ.

"ಇವತ್ತು ಹಬ್ಬ ಅಲ್ಲ" ಎಂದ ಅಪ್ಪ, ಕುರ್ಚಿಯಿಂದಲೇ.

ತಮ್ಮ ಅಕ್ಕನನ್ನು ನೋಡಿದ. ಅವಳು ತಲೆ ತಗ್ಗಿಸಿದಳು.

"ಗೊತ್ತು" ಎಂದ.

"ಅವತ್ತೂ ಅಲ್ಲ."

"ಅದೂ ಗೊತ್ತಿತ್ತು."

"ಗೊತ್ತಿದ್ದೂ ಬಂದೆ."

"ಗೊತ್ತಿತ್ತು ಅಂತಾನೇ ಬಂದೆ." ಅವನು ಲಾರಿಯ ಕೀಲಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. "ಹಬ್ಬದ ದಿನ ಯಾರು ಬಂದ್ರೂ ಒಳಗೆ ಬಿಡ್ತೀರಿ. ಪೋಸ್ಟಿನವನು ಬಂದ್ರೂ ಊಟ, ಹಾದಿಹೋಕ ಬಂದ್ರೂ ಊಟ. ಅವರ ಸಾಲಲ್ಲಿ ನಾನೂ ಒಬ್ಬ ಅಂತ ಬಂದು ನಿಲ್ಲೋಕೆ ನನಗೆ ಆಗಲಿಲ್ಲ. ಅಕ್ಕ ಪ್ರತಿ ವರ್ಷ ಕರೆದಳು, ಬರಲಿಲ್ಲ. ಅವತ್ತು ಹಬ್ಬ ಇರಲಿಲ್ಲ. ಅದಕ್ಕೇ ಬಂದೆ."

ಮಗಳು ಬಾಯಿ ತೆರೆದುಕೊಂಡು ನಿಂತಳು. ಐದು ವರ್ಷ ಗೋಗರೆದರೂ ಈ ಮಾತು ಅವನ ಬಾಯಿಂದ ಹೊರಬಿದ್ದಿರಲಿಲ್ಲ. ಬಾಡಿಗೆ, ಟಯರು, ಪರ್ಮಿಟ್ಟು ಎಂದು ಎಷ್ಟು ಸುಳ್ಳು ಹೇಳಿದ್ದ ಈ ಪುಣ್ಯಾತ್ಮ!

"ಹಾದಿಹೋಕ" ಎಂದು ಅಪ್ಪ ಆ ಪದವನ್ನು ಬಾಯಲ್ಲಿ ತಿರುಗಿಸಿ ನೋಡಿದ. "ನಾನು ಹಬ್ಬದ ದಿನ ಬೆಳಿಗ್ಗೆ ಈ ಬಾಗಿಲು ತೆಗೆದಿಟ್ಟರೆ ಕತ್ತಲಾಗೋವರೆಗೆ ಮುಚ್ಚುತ್ತಿರಲಿಲ್ಲ. ಥಂಡಿ ಹೊಡೆದು ಸಾಯ್ತೀಯ ಅಂತ ಇವಳು ಬೈತಿದ್ದಳು. ಐದು ಹಬ್ಬ ಹಾಗೇ ಕೂತೆ. ಊರವರೆಲ್ಲ ಬಂದು ತಿಂದು ಕೈ ತೊಳಕೊಂಡು ಹೋದರು." ಅವನ ದನಿ ಒಡೆಯಿತು, ಕೆಮ್ಮಿ ಸರಿಮಾಡಿಕೊಂಡ. "ನಾನು ಪೋಸ್ಟಿನವನಿಗೋಸ್ಕರ ಕೂತಿದ್ದೆನೇನೋ?"

ಹಾಡಿನ ತಂಡ ಬೀದಿಯ ಕೊನೆಯ ಮನೆ ಮುಟ್ಟಿತ್ತು. ಮಗಳಿಗೆ ಅಪ್ಪನ ಮೇಲೆ, ತಮ್ಮನ ಮೇಲೆ, ತನ್ನ ಮೇಲೆಯೂ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷ ಅಪ್ಪ ಬಾಗಿಲಲ್ಲಿ ಕೂತಿದ್ದು ಅಮ್ಮನ ಮಾತಿಗೆಂದು ನಂಬಿ, ಬಿಸಿನೀರಿನ ಚೀಲ ತಂದುಕೊಟ್ಟು ಗೊಣಗಿದವಳು ಅವಳು.

"ಒಳಗೆ ಬಾ ಅಂತ ಕರೆಯಲ್ಲ ನಾನು" ಎಂದ ಅಪ್ಪ.

"ಕರೀರಿ ಅಂತ ನಾನೂ ಕೇಳಲಿಲ್ಲ" ಎಂದ ತಮ್ಮ. ಆದರೆ ಹೋಗಲಿಲ್ಲ.

"ಹಾಗಾದ್ರೆ ಇಬ್ಬರೂ ಹೀಗೇ ಇರಿ!" ಮಗಳ ದನಿ ಅವಳಿಗೇ ಗುರುತು ಸಿಗದಷ್ಟು ಏರಿತು. "ನನಗೆ ಸಾಕಾಗಿದೆ. ಹಬ್ಬವೂ ಬೇಡ, ನೀವೂ ಬೇಡ. ನಾಡಿದ್ದು ನಾನು ಅಂಗಡಿಗೆ ಹೋಗಿ ಕೂತುಬಿಡ್ತೀನಿ."

ಅಪ್ಪ ಊರುಗೋಲು ಊರಿ ಎದ್ದ. ಹಿಡಿಯಲು ಹೋದವಳ ಕೈಯನ್ನು ಸರಿಸಿದ. ಒಂದೊಂದೇ ಹೆಜ್ಜೆ ಇಟ್ಟು ಬಾಗಿಲವರೆಗೆ ನಡೆದ. ಬಾಗಿಲು ಹಾಕುತ್ತಾನೆ ಎಂದುಕೊಂಡಳು ಮಗಳು, ಕಣ್ಣು ಮುಚ್ಚಿಕೊಂಡಳು. ಕದದ ಸದ್ದು ಬರಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಚೌಕಟ್ಟನ್ನು ಹಿಡಿದು ಒಂದು ಕಾಲನ್ನು ಹೊಸಿಲಿನಾಚೆ ಇಟ್ಟಿದ್ದ. ಇನ್ನೊಂದು ಕಾಲು ಎತ್ತಲಾಗದೆ ತಡವರಿಸಿದಾಗ ತಮ್ಮ ಅವನ ತೋಳಿಗೆ ಕೈ ಕೊಟ್ಟ. ಆ ಕೈಯನ್ನು ಅಪ್ಪ ಸರಿಸಲಿಲ್ಲ. ಅದರ ಮೇಲೆ ಭಾರ ಬಿಟ್ಟು, ಏದುಸಿರು ಬಿಡುತ್ತಾ ಹೊರಗಿನ ಮೆಟ್ಟಿಲ ಮೇಲೆ ಕೂತ.

"ನಿಂತೇ ಇರ್ತೀಯಾ?" ಎಂದ.

ತಮ್ಮ ಒಂದು ಮೆಟ್ಟಿಲು ಕೆಳಗೆ ಕೂತ. ಇಬ್ಬರೂ ಬೀದಿಯ ಕಡೆ ಮುಖ ಮಾಡಿಕೊಂಡಿದ್ದರು. ಮಗಳು ಕಂಬಳಿ ತಂದು ಅಪ್ಪನ ಹೆಗಲಿಗೆ ಹೊದಿಸಿದಳು. ಅವನು ಅದರ ಒಂದು ಅಂಚನ್ನು ಕೆಳಗಿನ ಮೆಟ್ಟಿಲ ಕಡೆ ತಳ್ಳಿದ. ತಮ್ಮ ಅದನ್ನು ಎಳೆದುಕೊಳ್ಳಲೂ ಇಲ್ಲ, ತೆಗೆಯಲೂ ಇಲ್ಲ.

"ಊಟ ಇಲ್ಲಿಗೇ ತಾ" ಎಂದ ಅಪ್ಪ.

"ಬ್ರೆಡ್ಡು ಸೀದುಹೋಗಿದೆ."

"ಇರಲಿ, ತಾ."

ಅವಳು ಸೀದದ್ದನ್ನು ಕೆರೆದು, ಸೂಪು ಬಿಸಿ ಮಾಡಿ, ತಟ್ಟೆಗಳನ್ನು ಹೊತ್ತು ಬಂದಳು. ವಾಡಿಕೆಯಂತೆ ಮೊದಲನೆಯದನ್ನು ಅಪ್ಪನ ಮುಂದೆ ಹಿಡಿದಳು. ಅಪ್ಪ ತೆಗೆದುಕೊಳ್ಳಲಿಲ್ಲ.

"ಅವನಿಗೆ ಕೊಡು ಮೊದಲು" ಎಂದ. "ದೂರದಿಂದ ಬಂದಿದ್ದಾನೆ."