ಓಡಾಡುವ ಚುಕ್ಕೆ

ಹೊಸ ಮೀಟರ್ ಬಂದ ದಿನದಿಂದ ಪುಟ್ಟಿಯ ಕಾಲು ನೆಲದ ಮೇಲಿರಲಿಲ್ಲ. ವಯಸ್ಸು ನಲವತ್ತೆರಡು. ಹದಿನೆಂಟು ವರ್ಷದಿಂದ ಮೋಟಾರು, ಮಿಕ್ಸಿ, ಹೊಲಿಗೆ ಯಂತ್ರ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸಿದ ಹೆಂಗಸು. ಆದರೂ ಅಕ್ಕ ಪುಟ್ಟಿ ಎಂದು ಕರೆದಳೆಂದು ಇಡೀ ಬೀದಿ ಹಾಗೇ ಕರೆಯಿತು, ಕೊನೆಗೆ ರಿಪೇರಿ ಅಂಗಡಿಯ ಬೋರ್ಡಿನ ಮೇಲೂ ಅದೇ ಹೆಸರು ಕೂತಿತು. ಅವಳ ಹಳೆಯ ಮೀಟರಿನಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ, ಅಳೆಯಬೇಕಾದರೆ ಮೊದಲು ಬಿರಡೆ ತಿರುಗಿಸಿ ತಾನೇ ಅಂದಾಜು ಹೇಳಬೇಕಿತ್ತು: ಇದು ನೂರರ ಲೆಕ್ಕವೋ, ಸಾವಿರದ್ದೋ, ಲಕ್ಷದ್ದೋ ಎಂದು. ಹೊಸದಕ್ಕೆ ಆ ರಗಳೆಯೇ ಇಲ್ಲ. ಅದರ ತಂತಿಗಳ ಎರಡು ಮೊನೆ ತಾಗಿಸಿದರೆ ಸಾಕು, ತಾನೇ ಹುಡುಕಾಡಿ ಸರಿಯಾದ ಅಳತೆಗೆ ಬಂದು ನಿಂತು ಅಂಕಿ ತೋರಿಸುತ್ತದೆ. "ಇದಕ್ಕೆ ನನಗಿಂತ ಬುದ್ಧಿ ಜಾಸ್ತಿ" ಎಂದು ಬಂದವರಿಗೆಲ್ಲ ಹೇಳಿಕೊಂಡಳು. ಹೇಳಿಕೊಂಡದ್ದು ಸಾಲದೆಂದು ನಂಬಿಯೂ ಬಿಟ್ಟಳು, ಅಲ್ಲೇ ಎಡವಿದ್ದು.

ಅಕ್ಕ ಅಚ್ಚುಮನೆಯಲ್ಲಿ ಕರಡು ತಿದ್ದುವವಳು. ಚಿಕ್ಕಂದಿನಲ್ಲೇ ಕಾಲು ಸೋತಿದ್ದರಿಂದ ಬ್ಯಾಟರಿ ಗಾಲಿಕುರ್ಚಿಯಲ್ಲಿ ಓಡಾಟ. ಬಲಗೈಯ ಬಳಿ ಒಂದು ಪುಟ್ಟ ಕಡ್ಡಿ. ಅದನ್ನು ಯಾವ ಕಡೆ ವಾಲಿಸಿದರೆ ಕುರ್ಚಿ ಆ ಕಡೆ ಓಡುತ್ತದೆ. ಹನ್ನೊಂದು ವರ್ಷದಿಂದ ಮನೆಯಿಂದ ಅಚ್ಚುಮನೆಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಇತ್ತೀಚೆಗೆ ಆ ಕುರ್ಚಿ ಸುಮ್ಮಸುಮ್ಮನೆ ನಿಲ್ಲತೊಡಗಿತ್ತು. ವಾರಕ್ಕೆ ಒಮ್ಮೆಯೋ ಎರಡು ಸಲವೋ, ಯಾವಾಗ ಎಂದು ಹೇಳುವ ಹಾಗಿಲ್ಲ.

ಅಕ್ಕನ ಕುರ್ಚಿ ಎಂದ ಮೇಲೆ ಪುಟ್ಟಿ ಬಿಡುತ್ತಾಳೆಯೇ? ಕಡ್ಡಿಯ ಡಬ್ಬಿ ಬಿಚ್ಚಿದಳು. ಒಳಗೆ ಉಗುರಿನಷ್ಟಗಲದ ಕರಿಯ ಪಟ್ಟಿ, ಅದರ ಮೇಲೆ ಸವರಿಕೊಂಡು ಹೋಗುವ ಸಣ್ಣ ತಗಡಿನ ನಾಲಿಗೆ. ಹೊಸ ಮೀಟರ್ ತಾಗಿಸಿ ಕಡ್ಡಿಯನ್ನು ಈ ತುದಿಯಿಂದ ಆ ತುದಿಗೆ ತಳ್ಳಿದಳು. ಅಂಕಿ ಏರಿತು, ನಡುವೆ ಒಂದೆರಡು ಸಲ ಮಿಟುಕಿತು, ಮತ್ತೆ ಏರಿತು. "ಹುಡುಕ್ತಿದೆ ಪಾಪ" ಎಂದು ಮೀಟರಿನ ಮೇಲೇ ಕನಿಕರಪಟ್ಟು, ಬ್ಯಾಟರಿಯ ಒಂದು ತಿರುಪು ಬಿಗಿಮಾಡಿ, ಎಲ್ಲ ಸರಿಯಿದೆ ಎಂದು ಕಳಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಕುರ್ಚಿ ಹೆದ್ದಾರಿಯ ನಟ್ಟನಡುವೆ ನಿಂತಿತು. ಸಿಗ್ನಲ್ ಬದಲಾಯಿತು. ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕಿ ಅಕ್ಕನಿಂದ ಎರಡು ಮಾರು ದೂರದಲ್ಲಿ ನಿಂತಿತು. ಯಾರೋ ಇಬ್ಬರು ಓಡಿಬಂದು ಕುರ್ಚಿಯನ್ನು ಆಚೆ ದಬ್ಬಿದರು. ಸುದ್ದಿ ಕೇಳಿದ ಪುಟ್ಟಿಗೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಲ್ಲಿ ಇಟ್ಟೆನೆಂಬುದೂ ಗೊತ್ತಾಗಲಿಲ್ಲ. ಸರಿಯಿದೆ ಎಂದವಳು ಅವಳೇ ತಾನೆ.

ಆಮೇಲೆ ಭಾವ ರಂಗಕ್ಕೆ ಇಳಿದರು. ಅವರು ಬಹಳ ಒಳ್ಳೆಯವರು, ತೊಂದರೆ ಅದೇ. ಕೆಟ್ಟವರಾಗಿದ್ದರೆ ಅಕ್ಕ ಜಗಳವಾದರೂ ಆಡಬಹುದಿತ್ತು. ಕೆಲಸದ ಪಾಳಿ ಬದಲಾಯಿಸಿಕೊಂಡರು, ದಿನಾ ಕಾರಿನಲ್ಲಿ ಬಿಟ್ಟು ಕರೆತರತೊಡಗಿದರು. ಕುರ್ಚಿ ಕಂಪನಿಯವನು ಬಂದು ನೋಡಿ, "ಎಲ್ಲಾ ಸರಿಯಾಗೇ ತೋರಿಸ್ತಿದೆ, ಗಾಡಿ ಹಳೇದು, ಬಿಟ್ಟಾಕಿ" ಎಂದು ಕೈತೊಳೆದುಕೊಂಡ. ಶನಿವಾರ ಅದನ್ನು ಗುಜರಿಗೆ ಹಾಕುವುದೆಂದು ಭಾವ ತೀರ್ಮಾನಿಸಿದರು. ಮನೆಯೊಳಗೆ ದಬ್ಬಿಸಿಕೊಳ್ಳುವ ಕುರ್ಚಿಯೊಂದು ಇದ್ದೇ ಇತ್ತಲ್ಲ.

ಶುಕ್ರವಾರ ಮಧ್ಯಾಹ್ನ ಅಕ್ಕ ಹಟ ಹಿಡಿದು ಕುರ್ಚಿಯ ಸಮೇತ ಅಂಗಡಿಗೆ ಬಂದಳು. ಭಾವ ಇಳಿಸಿ, "ಸಂಜೆ ಐದಕ್ಕೆ ಬರ್ತೀನಿ" ಎಂದು ಹೋದರು.

"ಅಂಚೆ ಪಾರ್ಸೆಲ್ ಥರ ಆಗಿದೀನಿ ಕಣೇ" ಎಂದಳು ಅಕ್ಕ. "ತಗೊಂಡು ಹೋಗಿ ಇಡ್ತಾರೆ, ತಗೊಂಡು ಬಂದು ಇಡ್ತಾರೆ. ನಿನ್ನೆ ಅವರು ಬರೋದು ತಡ ಆಯ್ತು, ಮುಕ್ಕಾಲು ಗಂಟೆ ಗೇಟಿನ ಹತ್ರ ಕೂತಿದ್ದೆ. ಹೋಗೋರು ಬರೋರೆಲ್ಲ ಏನಾದ್ರೂ ಬೇಕಾ ಅಂತ ಕೇಳಿದ್ರು. ದಿನದಲ್ಲಿ ಯಾರೂ ಹಾಗೆ ಕೇಳದೇ ಇದ್ದಿದ್ದು ನಾನೊಬ್ಳೇ ಹೋಗಿ ಬರ್ತಿದ್ದ ದಾರಿಲಿ ಮಾತ್ರ. ಅದೂ ಹೋಯ್ತು."

ಪುಟ್ಟಿ, ಮಾತಾಡಿದರೆ ಅಳು ಬಂದೀತೆಂದು ಡಬ್ಬಿ ಬಿಚ್ಚಿದಳು. ಮೊನೆ ತಾಗಿಸಿ ಕಡ್ಡಿಯನ್ನು ತಳ್ಳಿದಳು. ಅಂಕಿ ಏರಿತು, ಮಿಟುಕಿತು, ಏರಿತು. ಇನ್ನೊಮ್ಮೆ, ಮತ್ತೊಮ್ಮೆ.

"ಸರಿಯಾಗೇ ಇದೆ ಅಕ್ಕ."

ಅಕ್ಕ ಮೇಜಿನ ಮೇಲೆ ಮೊಣಕೈ ಊರಿ ಮೀಟರನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷ ಅಲ್ಪವಿರಾಮ, ಪೂರ್ಣವಿರಾಮಗಳನ್ನು ಹೆಕ್ಕಿದ ಕಣ್ಣು ಅದು. ಮದುವೆಯ ಕರೆಯೋಲೆ ಕೈಗೆ ಕೊಟ್ಟರೂ ಮೊದಲು ತಪ್ಪು ಹುಡುಕಿ ಆಮೇಲೆ ಅಭಿನಂದನೆ ಹೇಳುವ ಪೈಕಿ.

"ಆ ಚುಕ್ಕೆ ಯಾಕೆ ಓಡಾಡ್ತಿದೆ?" ಎಂದಳು.

"ಯಾವ ಚುಕ್ಕೆ?"

"ಅಂಕಿ ನಡುವಿನ ದಶಾಂಶದ ಚುಕ್ಕೆ. ಜಾಗ ಬದಲಾಯಿಸ್ತಿದೆ."

"ಅದು ಅಳತೆ ಹುಡುಕ್ತಿದೆ ಅಕ್ಕ. ನೂರರಿಂದ ಸಾವಿರಕ್ಕೆ ಹೋಗುವಾಗ ಚುಕ್ಕೆ ಹಾರುತ್ತೆ. ಹೊಸ ಮೀಟರ್ ಹಾಗೇ."

"ಶುರುವಿನಲ್ಲಿ ಒಂದ್ಸಲ ಹಾರ್ತು, ಸರಿ. ನಡುವೆ ಇನ್ನೊಂದ್ಸಲ ಯಾಕೆ? ಮೂರು ಸಲ ತಳ್ಳಿದೆ. ಮೂರು ಸಲಾನೂ ಕಡ್ಡಿ ಅದೇ ಜಾಗಕ್ಕೆ ಬಂದಾಗ ಹಾರ್ತು. ಬೇರೆ ಬೇರೆ ಜಾಗದಲ್ಲಾದ್ರೆ ಓದೋರ ಕಣ್ಣಿನ ತಪ್ಪು ಅನ್ಬಹುದು. ಒಂದೇ ಜಾಗದಲ್ಲಿ ಬಿದ್ರೆ ಅದು ಅಚ್ಚಿನ ತಪ್ಪು."

ಪುಟ್ಟಿಯ ತಲೆಯಲ್ಲಿ ಒಂದೊಂದೇ ತಿರುಪು ಬಿಗಿಯಾಗುತ್ತಾ ಬಂತು. ತಗಡಿನ ನಾಲಿಗೆ ಕರಿಯ ಪಟ್ಟಿಯಿಂದ ಕೂದಲೆಳೆಯಷ್ಟು ಜಾಗದಲ್ಲಿ ಎದ್ದರೆ, ರೆಸಿಸ್ಟೆನ್ಸ್ ಆಕಾಶಕ್ಕೆ ಹಾರುತ್ತದೆ. ಮೀಟರ್ ಅದನ್ನು ಹಿಡಿಯಲೆಂದು ಸಾವಿರದ ಅಳತೆ ಬಿಟ್ಟು ಲಕ್ಷಕ್ಕೆ, ಲಕ್ಷ ಬಿಟ್ಟು ಕೋಟಿಗೆ ಓಡುತ್ತದೆ. ಒಂದೊಂದು ಮೆಟ್ಟಿಲಿಗೂ ಅರ್ಧ ಸೆಕೆಂಡು. ಅದು ಅಲ್ಲಿಗೆ ತಲುಪುವುದರೊಳಗೆ ಪುಟ್ಟಿಯ ಕೈ ಆ ಜಾಗ ದಾಟಿರುತ್ತದೆ. ಬೇಸ್ತುಬಿದ್ದ ಮೀಟರ್ ತೆಪ್ಪಗೆ ವಾಪಸು ಬಂದು ಸರಿಯಾದ ಅಂಕಿ ತೋರಿಸುತ್ತದೆ. ಅವಳು ಆವತ್ತು ಕನಿಕರಪಟ್ಟದ್ದು ಆ ಓಟಕ್ಕೆ. ಕುರ್ಚಿಗೆ ಮಾತ್ರ ಅಷ್ಟು ನಿಧಾನವಿಲ್ಲ, ಓಡುವಾಗ ಯಾವಾಗಲೋ ಒಮ್ಮೆ ಕಡ್ಡಿ ಸರಿಯಾಗಿ ಆ ಜಾಗದಲ್ಲೇ ತಂಗಿ ಕಣ್ಣು ಮಿಟುಕಿಸುವಷ್ಟು ಹೊತ್ತು ಸಂಪರ್ಕ ತಪ್ಪಿದರೂ ಅದು ಗಕ್ಕನೆ ನಿಲ್ಲುತ್ತದೆ.

"ಅಯ್ಯೋ ನನ್ನ ದಡ್ಡತನವೇ" ಎಂದಳು ಪುಟ್ಟಿ.

ಮೀಟರಿನ ಮೂಲೆಯಲ್ಲಿ ರೇಂಜ್ ಎಂದು ಬರೆದ ಒಂದು ಗುಂಡಿಯಿತ್ತು. ಕೊಂಡ ದಿನದಿಂದ ಅವಳು ಅದನ್ನು ಒತ್ತಿರಲಿಲ್ಲ. ಇಷ್ಟು ಬುದ್ಧಿವಂತ ಮೀಟರಿಗೆ ಬುದ್ಧಿ ಹೇಳುವ ಗುಂಡಿ ಯಾಕೆಂದು ನಕ್ಕಿದ್ದಳು ಕೂಡ. ಈಗ ಒತ್ತಿದಳು. ಅಳತೆ ಸಾವಿರದ ಲೆಕ್ಕಕ್ಕೆ ಗಟ್ಟಿಯಾಗಿ ಕೂತಿತು. ಇನ್ನು ಅದು ಎಲ್ಲಿಗೂ ಓಡುವಂತಿಲ್ಲ. ಕಡ್ಡಿಯನ್ನು ಇರುವೆ ನಡೆಯುವ ಹಾಗೆ ಸರಿಸತೊಡಗಿದಳು. ಒಂದು ಸಾವಿರ. ಒಂದೂವರೆ. ಎರಡು. ಎರಡು ಸಾವಿರದ ನೂರು. ಅಂಕಿ ಮಾಯವಾಗಿ ಅಳತೆ ಮೀರಿತೆಂಬ ಗುರುತು ಬಂತು. ಕೈ ಅಲ್ಲೇ ನಿಲ್ಲಿಸಿದಳು. ಗುರುತೂ ಅಲ್ಲೇ ನಿಂತಿತು. ಕೂದಲೆಳೆ ಹಿಂದಕ್ಕೆ ಸರಿಸಿದಳು, ತಕ್ಷಣ ಅಂಕಿ. ಮುಂದಕ್ಕೆ, ಗುರುತು.

"ಸಿಕ್ಕಿಬಿದ್ದ" ಎಂದಳು ಅಕ್ಕ, ಮೆಲ್ಲಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಎದುರು ಅಂಗಡಿಯ ಬೀಗ ರಿಪೇರಿಯವನು ಎದ್ದುಬಂದು ನೋಡಿಹೋದ, ಆದರೂ ನಗು ನಿಲ್ಲಲಿಲ್ಲ. ಭೂತಗನ್ನಡಿ ಇಟ್ಟು ನೋಡಿದರೆ ಕರಿಯ ಪಟ್ಟಿಯ ಮೇಲೆ ಒಂದು ಸಣ್ಣ ಗೀರು. ಅಷ್ಟಕ್ಕೇ ಹನ್ನೊಂದು ವರ್ಷದ ದಾರಿ ಮುಚ್ಚಿಹೋಗಿತ್ತು. ಪುಟ್ಟಿ ಡ್ರಾಯರುಗಳನ್ನೆಲ್ಲ ಬುಡಮೇಲು ಮಾಡಿ ಅದೇ ಅಳತೆಯ ಹೊಸ ಪಟ್ಟಿಯೊಂದನ್ನು ಹುಡುಕಿ ಬೆಸುಗೆ ಹಾಕಿದಳು. ರೇಂಜ್ ಬಿಗಿದು ನಲವತ್ತು ಸಲ ತಳ್ಳಿ ನೋಡಿದಳು. ಅಕ್ಕ ಒಂದೊಂದನ್ನೂ ಎಣಿಸಿದಳು. ಒಮ್ಮೆಯೂ ಅಂಕಿ ಮಾಯವಾಗಲಿಲ್ಲ.

ಐದಕ್ಕೆ ಬಂದ ಭಾವ ಎಲ್ಲವನ್ನೂ ಕೇಳಿದರು. ನಂಬಲು ಮನಸ್ಸಿತ್ತು, ಧೈರ್ಯವಿರಲಿಲ್ಲ. "ಆವತ್ತೂ ನೀನು ಸರಿಯಿದೆ ಅಂದಿದ್ದೆ ಕಣಮ್ಮ" ಎಂದರು. ಪುಟ್ಟಿ ತಲೆತಗ್ಗಿಸಲಿಲ್ಲ. "ಹೌದು ಭಾವ, ಆವತ್ತು ಮೀಟರ್ ಹೇಳಿದ್ದನ್ನ ನಾನು ಹೇಳಿದ್ದೆ. ಇವತ್ತು ನಾನೇ ನೋಡಿ ಹೇಳ್ತಿದೀನಿ" ಎಂದಳು. ಕೊನೆಗೆ ಒಪ್ಪಂದವಾಯಿತು: ನಾಳೆ ಅಕ್ಕ ಕುರ್ಚಿಯಲ್ಲೇ ಹೋಗುವುದು, ಭಾವ ಪಕ್ಕದಲ್ಲೇ ನಡೆಯುವುದು.

ಶನಿವಾರ ಬೆಳಿಗ್ಗೆ ಮೂವರೂ ಹೆದ್ದಾರಿಯ ಅಂಚಿಗೆ ಬಂದರು. ಭಾವ ಕುರ್ಚಿಯ ಹಿಡಿಯ ಮೇಲೆ ಕೈಯಿಟ್ಟಿದ್ದರು. ದಾಟುವವರ ದೀಪ ಹಸಿರಾಯಿತು. ಅಕ್ಕ ಹಿಂತಿರುಗಿ ನೋಡದೆ, "ರೀ, ಕೈ ತೆಗೀರಿ" ಎಂದಳು. ಭಾವ ತೆಗೆದರು, ಅದು ಅವರಿಗೂ ಆಶ್ಚರ್ಯ. ಅಕ್ಕ ಕಡ್ಡಿಯನ್ನು ಪೂರಾ ಮುಂದಕ್ಕೆ ಒತ್ತಿದಳು. ಭಾವ ಹಿಂದೆ ಓಡಲು ಹೆಜ್ಜೆ ಎತ್ತಿದರು. ಪುಟ್ಟಿ ಅವರ ತೋಳು ಹಿಡಿದು ನಿಲ್ಲಿಸಿದಳು.

ಕುರ್ಚಿ ಒಂದೇ ಸಮನೆ ಹೋಯಿತು. ಮೊದಲ ಸಾಲು, ಎರಡನೆಯದು, ನಟ್ಟನಡು, ಮೂರು, ನಾಲ್ಕು. ದೀಪ ಕೆಂಪಾಗಿ ಬಸ್ಸುಗಳು ಹೊರಟವು. ಎರಡು ಬಸ್ಸಿನ ಸಂದಿಯಲ್ಲಿ ಅಕ್ಕ ಆಚೆ ಬದಿ ಹತ್ತಿದ್ದು ಕಂಡಿತು. ಅಲ್ಲಿ ಕುರ್ಚಿಯನ್ನು ಗಿರಕ್ಕನೆ ಒಂದು ಸುತ್ತು ತಿರುಗಿಸಿ ಕೈ ಎತ್ತಿದಳು. ಬನ್ನಿ ಎಂದಲ್ಲ, ಮನೆಗೆ ಹೋಗಿ ಎಂದು. ಆಮೇಲೆ ಜನರ ನಡುವೆ ಸೇರಿಹೋದಳು.

ಭಾವ ಕಣ್ಣೊರೆಸಿಕೊಂಡರು, ನಕ್ಕರು, ಮತ್ತೆ ಒರೆಸಿಕೊಂಡರು.

"ಸಂಜೆ ಎಷ್ಟು ಹೊತ್ತಿಗೆ ಬರ್ತಾಳಂತೆ?"

"ಅವಳಿಗೆ ಬರಬೇಕು ಅನ್ನಿಸಿದಾಗ" ಎಂದಳು ಪುಟ್ಟಿ.