ಮೇಷ್ಟ್ರಿಗೆ ಬಿದ್ದ ಒಂದೇ ಓಟು

ಜಲಜಾಳ ಗಂಡ ರಘುನಂದನ್ ಚುನಾವಣೆಗೆ ನಿಂತದ್ದು, ಬೇಡ ಎನ್ನುವವರು ಯಾರೂ ಇರಲಿಲ್ಲವೆಂಬ ಒಂದೇ ಕಾರಣಕ್ಕೆ. ಮೆಟ್ರೋ ಇನ್ನೂ ದೆಹಲಿಯ ವಸಂತ್ ಕುಂಜ್ ಕಡೆ ತಲೆಹಾಕದ ಕಾಲ ಅದು. ವಿಶ್ವವಿದ್ಯಾಲಯದಲ್ಲಿ ಅವರು ರಾಜ್ಯಶಾಸ್ತ್ರದ ಮೇಷ್ಟ್ರು. ದೇಶದಲ್ಲಿ ಎಲ್ಲೇ ಓಟಿನ ಎಣಿಕೆ ನಡೆಯಲಿ, ನ್ಯೂಸ್ ಚಾನೆಲ್ಲಿನವರು ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಸೋತ ಮಂತ್ರಿಗಳು ಯಾಕೆ ಸೋತರೆಂದು ಇವರು ಟೀವಿಯಲ್ಲಿ ಕೂತು ನಗುನಗುತ್ತ ಬಿಡಿಸಿ ಹೇಳುತ್ತಿದ್ದರು. ಮನೆಯವರೇ ನಂಬದವನನ್ನು ಊರು ಯಾಕೆ ನಂಬಬೇಕು ಎನ್ನುವುದು ಅವರ ಮೆಚ್ಚಿನ ಮಾತು.

ಇಂಥವರು ಕಾಲೊನಿಯ ಸಂಘಕ್ಕೆ ಅಧ್ಯಕ್ಷರಾಗದೆ ಇನ್ಯಾರು ಆಗಬೇಕು? ಕೇಳಿದವರೆಲ್ಲ "ಬಿಲ್ಕುಲ್ ಪ್ರೊಫೆಸರ್ ಸಾಬ್, ವೋಟ್ ಆಪ್ ಕೋ ಹೀ" ಅಂದರು, ಓಟು ನಿಮಗೇ ಎಂದು. ಇಡೀ ದೇಶದ ಮತದಾರರ ಮನಸ್ಸು ಓದುವ ಮನುಷ್ಯ ಇದನ್ನು ಅಕ್ಷರಶಃ ನಂಬಿಬಿಟ್ಟರು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಎದುರಾಳಿ ಖುರಾನಾ ಸಾಹೇಬ, ನಲ್ಲಿ-ಪೈಪುಗಳ ವ್ಯಾಪಾರಿ. ಪ್ರಚಾರಸಭೆಯಲ್ಲಿ ಮೇಷ್ಟ್ರು ಗ್ರೀಸ್ ದೇಶದಿಂದ ಶುರುಮಾಡಿದರು; ಪ್ರಜಾಪ್ರಭುತ್ವ ಭಾರತಕ್ಕೆ ಬಂದು ಮುಟ್ಟುವ ಮೊದಲೇ ಚಹಾ ಆರಿಹೋಗಿತ್ತು. ಖುರಾನಾ ಎದ್ದು, ಮೇಲಿನ ಮಹಡಿಗಳಿಗೂ ನೀರು ಏರುವಂಥ ಹೊಸ ಪಂಪು ಹಾಕಿಸುತ್ತೇನೆ ಎಂದಷ್ಟೇ ಹೇಳಿ ಕೂತುಬಿಟ್ಟ.

ಜಲಜಾಳ ಮನೆ ಮೂರನೇ ಮಹಡಿ. ಬೇಸಿಗೆ ಬಂತೆಂದರೆ ಟ್ಯಾಂಕರಿನ ಮುಂದೆ ನಿಂತು ಬಕೆಟ್ ಹೊತ್ತು ಮೆಟ್ಟಿಲು ಹತ್ತುವವಳು ಅವಳು. ಗ್ರೀಸ್ ದೇಶದಲ್ಲಿ ನೀರು ಹೊರುತ್ತಿದ್ದವರು ಯಾರೆಂದು ಮೇಷ್ಟ್ರು ಹೇಳಿರಲಿಲ್ಲ.

ಭಾನುವಾರ ಪಾರ್ಕಿನ ಶಾಮಿಯಾನದ ಕೆಳಗೆ ಚೀಟಿ ಹಿಡಿದು ನಿಂತಾಗ ಅವಳ ಕೈ ತಡೆಯಿತು. ಊರಿಗೆ ಊರೇ ಇವರಿಗೆ ಹಾಕುತ್ತದೆ, ನನ್ನದೊಂದು ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ? ಪಾಪ, ಆ ಪಂಪಿನ ಮಾತಿಗಾದರೂ ಒಂದು ಓಟು ಸಲ್ಲಲಿ ಎಂದುಕೊಂಡು ಖುರಾನಾನ ಹೆಸರು ಬರೆದು ಚೀಟಿ ಮಡಿಚಿ ಡಬ್ಬಿಗೆ ಹಾಕಿದಳು.

ಕಾಲೊನಿಯವರೆಲ್ಲ ಹೀಗೆಯೇ ಯೋಚಿಸಿದ್ದರೆಂದು ಗೊತ್ತಾದದ್ದು ಸಂಜೆ, ಎಣಿಕೆ ಮುಗಿದಾಗ. ಖುರಾನಾಗೆ ಡಬ್ಬಿ ತುಂಬ ಓಟು. ಪ್ರೊಫೆಸರ್ ರಘುನಂದನ್‌ಗೆ, ಒಂದು.

ಶಾಮಿಯಾನ ನಗೆಯಲ್ಲಿ ಅಲ್ಲಾಡಿತು. ಕೆಳಮನೆಯ ಹುಬ್ಬಳ್ಳಿಯ ಅಹಲ್ಯಾ ಪಕ್ಕದವಳ ಕಿವಿಯಲ್ಲಿ, "ಆ ಒಂದು ಅವರದೇ ಇರಬೇಕು. ಹಂಗಾರ ಜಲಜಾ?" ಎಂದದ್ದು ನಾಲ್ಕು ಸಾಲು ದಾಟಿ ಕೇಳಿಸಿತು. ಎಲ್ಲರ ಕಣ್ಣೂ ಜಲಜಾಳ ಕಡೆ ತಿರುಗಿತು. ಟೀವಿಯಲ್ಲಿ ಗಂಡ ಆಡುತ್ತಿದ್ದ ಮಾತನ್ನು ಯಾರೋ ಹಿಂದಿಯಲ್ಲಿ ನೆನಪಿಸಿದರು. ಭೂಮಿ ಬಾಯಿ ಬಿಟ್ಟರೆ ಸಾಕಿತ್ತು ಅವಳಿಗೆ.

ಆಗ ರಘುನಂದನ್ ಎದ್ದು ಹೋಗಿ ಮೈಕು ಹಿಡಿದರು. ತಮ್ಮ ಹೆಸರನ್ನು ತಾವೇ ಬರೆಯಲು ಸಂಕೋಚವಾಯಿತೆಂದೂ, ತಮ್ಮ ಓಟು ಖುರಾನಾ ಸಾಹೇಬರಿಗೇ ಹೋಯಿತೆಂದೂ, ಬಂದಿರುವ ಆ ಒಂದು ಓಟು ತಮ್ಮ ಹೆಂಡತಿಯದೆಂದೂ ಹಿಂದಿಯಲ್ಲಿ ಹೇಳಿದರು. ಊರು ಸೋತರೂ ಮನೆ ಗೆದ್ದಿದ್ದೇನೆ ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಖುರಾನಾ ಓಡಿ ಬಂದು ತಬ್ಬಿಕೊಂಡ.

ಅಂದಿನಿಂದ ಕಾಲೊನಿಯ ಹೆಂಗಸರ ಬಾಯಲ್ಲಿ ಜಲಜಾ ಮಹಾ ಪತಿವ್ರತೆ. "ನಮ್ಮನಿಯವರು ನಿಂತಿದ್ರ ನಾ ಹಾಕ್ತಿದ್ನೋ ಇಲ್ಲೋ ಮಾರಾಯ್ತಿ," ಅಂದಳು ಅಹಲ್ಯಾ. ಜಲಜಾಳಿಗೆ ಈ ಹೊಗಳಿಕೆ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಓಟು ಹಾಕಿದ ಆ ಪುಣ್ಯಾತ್ಮ ಯಾರಿರಬಹುದೆಂದು ಮೆಟ್ಟಿಲಲ್ಲಿ ಸಿಕ್ಕವರ ಮುಖವನ್ನೆಲ್ಲ ಅವಳು ನೋಡಿದ್ದೇ ನೋಡಿದ್ದು. ಮೇಷ್ಟ್ರು ಮಾತ್ರ ಸೋತವರ ಹಾಗೆ ಕಾಣಲೇ ಇಲ್ಲ. ಶಿವಮೊಗ್ಗದ ತಮ್ಮನಿಗೂ ಫೋನು ಮಾಡಿ, ಅತ್ತಿಗೆ ಒಬ್ಬಳೇ ಕೈಬಿಡಲಿಲ್ಲ ಕಣೋ ಎಂದರು. ಅದನ್ನು ಕೇಳಿ ಅವಳಿಗೆ ಅಳುವೇ ಬಂತು.

ಪಂಪು ಬಂತು. ಅಡುಗೆಮನೆಯ ನಲ್ಲಿಯಲ್ಲಿ ನೀರು ಧೋ ಎಂದು ಸುರಿದ ದಿನ ಅವಳಿಂದ ತಡೆಯಲಾಗಲಿಲ್ಲ. ಗಂಡನ ಮುಂದೆ ಕಾಫಿ ಇಟ್ಟು ಅಲ್ಲೇ ನಿಂತಳು.

"ರೀ, ಆ ಓಟು ನಂದಲ್ಲ. ನಾನು ಖುರಾನಾಗೆ ಹಾಕ್ದೆ."

"ಗೊತ್ತು," ಅಂದರು ಮೇಷ್ಟ್ರು, ಪೇಪರಿನಿಂದ ತಲೆ ಎತ್ತದೆ.

"ಗೊತ್ತಾ? ಹೇಗೆ?"

"ಬಿದ್ದಿದ್ದು ಒಂದೇ ಓಟಲ್ವಾ. ಅದನ್ನ ನಾನೇ ಹಾಕ್ಕೊಂಡಿದ್ದೆ."

ಜಲಜಾ ಕುರ್ಚಿ ಎಳೆದುಕೊಂಡು ಕೂತಳು. ಹಾಗಾದರೆ ಆ ಸಂಕೋಚ, ಖುರಾನಾಗೆ ಹಾಕಿದೆನೆಂದ ಓಟು, ಮನೆ ಗೆದ್ದ ಮಾತು, ತಮ್ಮನಿಗೆ ಮಾಡಿದ ಫೋನು, ಎಲ್ಲವೂ ತನ್ನ ಕಡೆ ತಿರುಗಿದ್ದ ಆ ಕಣ್ಣುಗಳನ್ನು ಬೇರೆ ಕಡೆ ತಿರುಗಿಸಲಿಕ್ಕೆ. ಈ ಮನುಷ್ಯನ ಮೇಲೆ ಅವಳಿಗೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಷ್ಟು ಜನರ ಮುಂದೆ ನಿಂತು ಸುಳ್ಳು ಹೇಳಿದ್ರಾ?"

"ಎಲೆಕ್ಷನ್ನಿಗೆ ನಿಂತ ಮೇಲೆ," ರಘುನಂದನ್ ಪೇಪರು ಮಡಿಚಿಟ್ಟು ಕಾಫಿ ಎತ್ತಿಕೊಂಡರು, "ಒಂದಾದ್ರೂ ಹೇಳ್ಬೇಡ್ವಾ?"