ಉಂಟು, ಬಾ

“ಈ ಮೆಸೇಜನ್ನು ಮಾತ್ರ ನಾನು ಅಳಿಸಲಿಲ್ಲ,” ಎಂದು ಆನ್ಸಿಲ್ಲಾ ಫೋನನ್ನು ತಂಗಿಯ ಕಡೆಗೆ ತಿರುಗಿಸಿದಳು. “ಅಮ್ಮನಿಗೆ ಎರಡು ಸಲ ಓದಿ ಹೇಳಿದ್ದೆ.”

ಅಮ್ಮನ ವರ್ಷದ ಪೂಜೆ ಹಿಂದಿನ ದಿನ ಮುಗಿದಿತ್ತು. ಸಮಾಧಿಯ ಕಲ್ಲಿಗೆ ಹಾಕಿಸಲು ಒಂದು ಒಳ್ಳೆಯ ಫೋಟೋ ಬೇಕೆಂದು ಕಾರ್ಕಳದ ತವರುಮನೆಯಲ್ಲಿ ಅಕ್ಕತಂಗಿಯರು ಬೆಳಗಿನಿಂದ ಹಳೆಯ ಫೋನುಗಳನ್ನೆಲ್ಲ ಜಾಲಾಡುತ್ತಿದ್ದರು. ಸೆಲೀನ್ ಕೈ ಒರಸಿಕೊಂಡು ಫೋನು ತೆಗೆದುಕೊಂಡಳು.

ಅಕ್ಕ ಬರೆದದ್ದು ಮೇಲಿತ್ತು: ‘ಫಾದರ್ ಬಂದು ಕೊನೆಯ ಎಣ್ಣೆ ಹಚ್ಚಿ ಹೋದರು. ನಿನ್ನನ್ನೇ ಕೇಳ್ತಿದ್ದಾರೆ. ಬೇಗ ಫೋನ್ ಮಾಡು.’ ಕೆಳಗೆ, ಸೆಲೀನಳ ನಂಬರಿನಿಂದ ಉತ್ತರ. ಕಳೆದ ವರ್ಷದ ಆ ಗುರುವಾರ, ರಾತ್ರಿ ಎಂಟೂ ನಲವತ್ತು. ‘ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅಕ್ಕಾ. ಟಿಕೆಟ್ ನೋಡ್ತಾ ಇದ್ದೇವೆ. ಮಮ್ಮಿಗೆ ಧೈರ್ಯ ಹೇಳು.’

ಅವಳು ಕೊನೆಯ ಸಾಲನ್ನು ಮತ್ತೆ ಓದಿದಳು. ಈ ಮನೆಯಲ್ಲಿ ಯಾರೂ ಮಮ್ಮಿ ಎಂದವರಲ್ಲ. ಬೀದಿಯ ಮಕ್ಕಳೆಲ್ಲ ಅಮ್ಮ ಎನ್ನುವುದನ್ನು ಕೇಳಿ ಇವರಿಬ್ಬರೂ ಹಾಗೆಯೇ ಕರೆಯುತ್ತ ಬೆಳೆದರು. ಮಮ್ಮಿ ಎನ್ನುವುದು ಕಟಪಾಡಿಯಲ್ಲಿ, ಗಂಡನ ಮನೆಯಲ್ಲಿ. ರೋನಿಯ ಬಾಯಲ್ಲಿ.

“ಅಂಥಾ ಹೊತ್ತಿನಲ್ಲೂ ನನಗೆ ನಗು ಬಂತು ಮಾರಾಯ್ತಿ,” ಎಂದಳು ಆನ್ಸಿಲ್ಲಾ. “ಮಸ್ಕತ್‌ಗೆ ಹೋದದ್ದೇ ಇವಳಿಗೆ ಅಮ್ಮ ಕೂಡ ಮಮ್ಮಿ ಆದರಲ್ಲ ಅಂತ. ಓದುವಾಗ ನಾನೇ ಅಮ್ಮ ಅಂತ ತಿದ್ದಿ ಓದಿದೆ.”

“ಅಮ್ಮ ಎಂತ ಹೇಳಿದರು?”

“ಎಂತ ಹೇಳುವುದು? ಫೋನು ದಿಂಬಿನ ಹತ್ತಿರವೇ ಇಡು, ಅವಳು ಮಾಡ್ತಾಳೆ ಅಂದರು. ಮರುದಿನ ಸಂಜೆ ಆರಕ್ಕೆ ಅವರು ಹೋಗುವವರೆಗೂ ಅಲ್ಲೇ ಇತ್ತು.” ಆನ್ಸಿಲ್ಲಾ ಫೋನನ್ನು ವಾಪಸ್ ತೆಗೆದುಕೊಂಡಳು. “ಯಾಕೆ ಮಾಡಲಿಲ್ಲ ಅಂತ ನಾನು ಒಂದು ವರ್ಷ ಕೇಳಲಿಲ್ಲ ನೋಡು.”

ಸೆಲೀನ್ ಕಿಟಕಿಯ ಕಡೆ ನೋಡಿದಳು. “ಆಗಲಿಲ್ಲ ಅಕ್ಕಾ,” ಎಂದಳು.

ಮಸ್ಕತ್‌ಗೆ ಹೋಗುವವರೆಗೆ ಅವಳು ಮೊಣಕಾಲುದ್ದದ ನೀರಿಗೂ ಇಳಿದವಳಲ್ಲ. ರೋನಿಯದು ಮೂರು ವರ್ಷದ ಕೆಲಸ. ಶುಕ್ರವಾರ, ಶನಿವಾರ ರಜೆ. ಅಲ್ಲಿಯ ಬೋಳು ಬೆಟ್ಟಗಳ ನಡುವೆ ಹಸಿರು ನೀರು ತುಂಬಿದ ಕಣಿವೆಗಳಿದ್ದವು. ಊರಿನವರ ಒಂದು ಗುಂಪು ಕಟ್ಟಿಕೊಂಡು ರೋನಿ ರಜೆ ಸಿಕ್ಕಾಗಲೆಲ್ಲ ಅವನ್ನು ಹುಡುಕಿ ಹೊರಡುತ್ತಿದ್ದ. ಅವನು ಮೊದಲು ಇಳಿಯುವನು. ನೀರೊಳಗೆ ಕಾಲಿನಿಂದ ತಡವಿ, ಕಲ್ಲು ಸಿಕ್ಕಿದರೆ ಕೈ ಚಾಚಿ “ಉಂಟು, ಬಾ” ಎನ್ನುವನು. ಗುಂಪಿನಲ್ಲಿ ತುಳುವರೂ ಬ್ಯಾರಿಗಳೂ ಇದ್ದುದರಿಂದ, ಮನೆಯಲ್ಲಿ ಕೊಂಕಣಿ ಆಡುವ ರೋನಿ ಅಲ್ಲಿ ಆ ಮಾತನ್ನು ಕನ್ನಡದಲ್ಲೇ ಹೇಳುತ್ತಿದ್ದ. ಅದನ್ನು ಕೇಳಿದರೆ ಸೆಲೀನ್ ಕೆಳಗೆ ನೋಡುತ್ತಲೂ ಇರಲಿಲ್ಲ. ಇಳಿದುಬಿಡುತ್ತಿದ್ದಳು.

ಫೋನುಗಳು ನೆನೆಯಬಾರದೆಂದು ಇಬ್ಬರದೂ ಅವನ ಚೀಲದಲ್ಲಿ. ಆ ಗುರುವಾರ ಕಣಿವೆಯ ಬಾಯಲ್ಲಿ ಗುಡಾರ ಹಾಕುವಾಗ ಅವಳು ಕೇಳಿದ್ದಳು: “ಅಮ್ಮನಿಗೆ ಒಂದು ಫೋನ್ ಮಾಡ್ತೇನೆ. ನೆಟ್‌ವರ್ಕ್ ಉಂಟಾ?”

“ಇಲ್ಲ,” ಎಂದಿದ್ದ.

ಮರುದಿನ ಅವಳು ಮೊದಲ ಬಾರಿಗೆ ಬಂಡೆಯ ಮೇಲಿನಿಂದ ನೀರಿಗೆ ಹಾರಿದಳು. ಎರಡೂ ಕೈ ಮೇಲೆತ್ತಿ ನಗುತ್ತ ಗಾಳಿಯಲ್ಲಿರುವ ಆ ಫೋಟೋವನ್ನು ರೋನಿ ದೊಡ್ಡದು ಮಾಡಿಸಿ ಕಟಪಾಡಿಯ ಚಾವಡಿಯಲ್ಲಿ ತೂಗುಹಾಕಿದ್ದ. ಅದರ ಮೂಲೆಯಲ್ಲಿ ಸಮಯ ಅಚ್ಚಾಗಿತ್ತು. ಅಲ್ಲಿಯ ನಾಲ್ಕೂವರೆ. ಇಲ್ಲಿಯ ಆರು.

ಶನಿವಾರ ಕೆಳಗಿಳಿದ ಮೇಲೆ, ಆಗಷ್ಟೇ ಸಿಗ್ನಲ್ ಬಂದವನಂತೆ ಫೋನು ನೋಡಿ, ಅಮ್ಮ ಹೋದ ಸುದ್ದಿ ಹೇಳಿ ಅವನು ಅವಳನ್ನು ಅಪ್ಪಿಕೊಂಡಿದ್ದ. ಅವಳ ಫೋನಿನಲ್ಲಿ ಗುರುವಾರದ ಒಂದು ಮೆಸೇಜೂ ಇರಲಿಲ್ಲ. ಆ ಒಂದು ವಾರ ಅವನು ಅವಳಿಗೆ ಅನ್ನ ಕಲಸಿ ತಿನ್ನಿಸಿದ. ಇಂಥ ಗಂಡ ಸಿಕ್ಕಿದ್ದಕ್ಕೆ ಅವಳು ಇಗರ್ಜಿಯಲ್ಲಿ ಮೊಣಕಾಲೂರಿದ್ದೂ ಉಂಟು.

ಮಧ್ಯಾಹ್ನ ಮೂರು ಗಂಟೆಗೆ ರೋನಿ ಕಾರ್ಕಳಕ್ಕೆ ಕಾರು ತಂದ. ಪಡುಬಿದ್ರಿ ದಾಟಿದ ಮೇಲೆ ಕಟಪಾಡಿಗೆ ನೇರ ಹೋಗದೆ ಕಾಪುವಿನ ಕಡಲತೀರಕ್ಕೆ ತಿರುಗಿಸಿದ. “ಮಂಗಳವಾರ ವಿಮಾನ. ಒಮ್ಮೆ ಬಂಡೆ ಹತ್ತಿ ಬರುವ, ಅಲ್ವಾ?”

ದೀಪಸ್ತಂಭದ ಬದಿಯಿಂದ ಕಡಲೊಳಗೆ ಚಾಚಿದ ಕಪ್ಪು ಬಂಡೆಗಳ ಮೇಲೆ ಅವನು ಮುಂದೆ, ಅವಳು ಹಿಂದೆ. ಒಂದು ಸಂದು ದಾಟುವಾಗ ಅವನು ಕೈ ಕೊಟ್ಟ, ಅಭ್ಯಾಸದಿಂದ ಹಿಡಿದಳು. ಹಿಡಿದ ಮೇಲೆ ಆ ಕೈಯನ್ನು ನೋಡಿದಳು. ಬಿಟ್ಟಳು.

“ಆ ಗುರುವಾರ ನೆಟ್‌ವರ್ಕ್ ಇತ್ತಲ್ವಾ?”

ಯಾವ ಗುರುವಾರ ಎಂದು ಅವನು ಕೇಳಲಿಲ್ಲ. ಬಂಡೆಯ ಮೇಲಿನ ಏಡಿಯೊಂದು ಬಿರುಕಿನೊಳಗೆ ಹೋಗುವವರೆಗೆ ಅದನ್ನೇ ನೋಡಿದ.

“ಆವತ್ತು ರಾತ್ರಿ ಹೊರಟಿದ್ದರೂ ನೀನು ಮುಟ್ಟುತ್ತಿರಲಿಲ್ಲ. ವಿಮಾನ ಇರಲಿಲ್ಲ, ನಾನು ನೋಡಿದ್ದೆ.”

“ಫೋನ್ ಮುಟ್ಟುತ್ತಿತ್ತು.”

“ಐದು ಜನ ಬಂದಿದ್ದರು ಸೆಲೀನ್. ಹಗ್ಗ ಕಟ್ಟಲಿಕ್ಕೆ ಗೊತ್ತಿದ್ದವ ನಾನೊಬ್ಬನೇ. ಆ ಕಣಿವೆಗೆ ಆರು ತಿಂಗಳಿಂದ…” ಅಲ್ಲಿಗೆ ನಿಲ್ಲಿಸಿ ದನಿ ಬದಲಿಸಿದ. “ನಿನಗೂ ಒಂದು ದಿನ ಖುಷಿ ಇರಲಿ ಅಂತ. ಹೇಗೂ ಶನಿವಾರದಿಂದ ಅಳುವುದು ಇತ್ತಲ್ಲ.”

“ನನ್ನ ಹೆಸರಲ್ಲಿ ಬರೆದೆ.”

“ಅವರಿಗೆ ಸಮಾಧಾನ ಆಗ್ಲಿ ಅಂತ ಬರೆದದ್ದು ಮಾರಾಯ್ತಿ!”

“ಮಮ್ಮಿ ಅಂತ ಬರೆದೆ.”

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಮತ್ತೆ ಎಂತ ಬರೆಯಬೇಕಿತ್ತು?”

ಕಡಲು ಏರುತ್ತಿತ್ತು. ರೋನಿ, ಮಾತು ಮುಗಿಯಿತೆಂದುಕೊಂಡವನಂತೆ ಮುಂದಿನ ಬಂಡೆಗೆ ಹಾರಿದ. ಅವಳು ಚಪ್ಪಲಿ ಕಳಚಿ ಅಲ್ಲೇ ಬಿಟ್ಟು, ಬಂದ ದಾರಿಯ ಕಡೆಗೇ ತಿರುಗಿದಳು. ಆಗ ದಾಟಿದ ಸಂದಿನಲ್ಲಿ ಈಗ ನೊರೆ ತುಂಬಿತ್ತು, ತಳ ಕಾಣುತ್ತಿರಲಿಲ್ಲ.

“ಆ ಕಡೆ ಅಲ್ಲ ಸೆಲೀನ್,” ಎಂದು ಅವನು ಹಿಂದಿನಿಂದ ಕೂಗಿದ. “ಇಲ್ಲಿ ಕಲ್ಲು ಉಂಟು, ಬಾ.”

ಅವಳು ಬಂಡೆಯ ಅಂಚಿನಲ್ಲಿ ಕೂತು ಒಂದು ಕಾಲನ್ನು ನೀರಿಗೆ ಬಿಟ್ಟಳು. ಅಲೆ ಬಂದು ಮೊಣಕಾಲು ಮುಚ್ಚಿ ಹಿಂದೆ ಸರಿಯಿತು. ಎರಡೂ ಕೈಯಿಂದ ಬಂಡೆಯನ್ನು ಹಿಡಿದುಕೊಂಡು, ಕಾಲ್ಬೆರಳ ತುದಿಯಿಂದ ಮೆಲ್ಲಗೆ, ಇನ್ನೂ ಸ್ವಲ್ಪ ಕೆಳಗೆ ತಡವಿದಳು.